ಡ್ರೋನ್ ತಂತ್ರಜ್ಞಾನ: ಯುದ್ಧದಲ್ಲಿ ಮತ್ತು ಶಾಂತಿಕಾಲದಲ್ಲಿ

ಪೀಠಿಕೆ

ಒಳಗೆ ಚಾಲಕನಿಲ್ಲದೆ, ನೆಲದ ಮೇಲಿರುವ ವ್ಯಕ್ತಿಯಿಂದ ನಿಯಂತ್ರಿಸಲ್ಪಡುವ ಅಥವಾ ಮುಂಚಿತವಾಗಿ ನೀಡಿದ ಸೂಚನೆಗಳಂತೆ ತಾನಾಗಿ ಹಾರುವ ಯಂತ್ರವನ್ನು ಸಾಮಾನ್ಯ ಬಳಕೆಯಲ್ಲಿ ಡ್ರೋನ್ ಎಂದು ಕರೆಯಲಾಗುತ್ತದೆ. ಸರ್ಕಾರದ ನಿಯಮಗಳಲ್ಲಿ ಇದಕ್ಕೆ ಮಾನವರಹಿತ ವಿಮಾನ ವ್ಯವಸ್ಥೆ ಎಂಬ ಹೆಸರಿದೆ. ಹಾರುವ ಯಂತ್ರ, ಅದನ್ನು ನಿಯಂತ್ರಿಸುವ ಉಪಕರಣ, ಇವೆರಡರ ನಡುವಿನ ರೇಡಿಯೋ ಸಂಪರ್ಕ ಮತ್ತು ಯಂತ್ರವು ಹೊತ್ತೊಯ್ಯುವ ಕ್ಯಾಮೆರಾ ಅಥವಾ ಇತರೆ ವಸ್ತು ಇವೆಲ್ಲವೂ ಸೇರಿ ವ್ಯವಸ್ಥೆಯಾಗುವುದರಿಂದ ಈ ಪದವನ್ನು ಬಳಸಲಾಗಿದೆ.

ಮದುವೆ ಮಂಟಪದ ಮೇಲೆ ಛಾಯಾಗ್ರಾಹಕರು ಹಾರಿಸುವ ಯಂತ್ರಕ್ಕೂ, ಯುದ್ಧಭೂಮಿಯಲ್ಲಿ ಸೈನಿಕನೊಬ್ಬನ ಬೆನ್ನಟ್ಟಿ ಹೋಗುವ ಯಂತ್ರಕ್ಕೂ ರಚನೆಯಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಮೋಟಾರು, ಬ್ಯಾಟರಿ, ಕ್ಯಾಮೆರಾ, ದಿಕ್ಕು ತೋರುವ ಉಪಗ್ರಹ ಸಂಕೇತ, ಎಲ್ಲವೂ ಒಂದೇ ಬಗೆಯವು. ಹೊತ್ತೊಯ್ಯುವ ವಸ್ತು ಮಾತ್ರ ಬೇರೆ. 2025ರ ಮೇ ತಿಂಗಳಿನಲ್ಲಿ ನಮ್ಮ ದೇಶದ ಪಶ್ಚಿಮ ಗಡಿಯುದ್ದಕ್ಕೂ ಡ್ರೋನ್ ದಾಳಿ ನಡೆದ ನಂತರ ಈ ವಿಷಯವಾಗಿ ಸಾರ್ವಜನಿಕರಲ್ಲಿ ಕುತೂಹಲವೂ ಆತಂಕವೂ ಹೆಚ್ಚಿವೆ. ಆದ್ದರಿಂದ ಡ್ರೋನ್‌ಗಳು ಯುದ್ಧದ ಸ್ವರೂಪವನ್ನು ಹೇಗೆ ಬದಲಾಯಿಸಿವೆ, ಶಾಂತಿಕಾಲದಲ್ಲಿ ಅವುಗಳ ಉಪಯೋಗವೇನು ಮತ್ತು ಈ ಬಗ್ಗೆ ಜಾರಿಯಲ್ಲಿರುವ ನಿಯಮಗಳೇನು ಎಂಬ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

ಹಿನ್ನೆಲೆ

ಮನುಷ್ಯನನ್ನು ಕಳುಹಿಸದೆ ಆಕಾಶದಿಂದ ದಾಳಿ ಮಾಡುವ ಆಲೋಚನೆ ಹಳೆಯದು. 1849ರಲ್ಲಿ ಆಸ್ಟ್ರಿಯಾದ ಸೈನ್ಯವು ವೆನಿಸ್ ನಗರದ ಮೇಲೆ ಬಾಂಬು ಕಟ್ಟಿದ ಬಲೂನುಗಳನ್ನು ಹಾರಿಬಿಟ್ಟಿತ್ತು. 1935ರಲ್ಲಿ ಬ್ರಿಟನ್ ತನ್ನ ಫಿರಂಗಿದಳದ ಗುರಿ ಅಭ್ಯಾಸಕ್ಕಾಗಿ ರೇಡಿಯೋ ಮೂಲಕ ನಡೆಸುವ ವಿಮಾನವೊಂದನ್ನು ಸಿದ್ಧಪಡಿಸಿ, ಅದಕ್ಕೆ ರಾಣಿಜೇನು ಎಂಬ ಅರ್ಥ ಬರುವ ಕ್ವೀನ್ ಬೀ ಎಂಬ ಹೆಸರನ್ನಿಟ್ಟಿತು. ಗಂಡು ಜೇನುನೊಣಕ್ಕೆ ಇಂಗ್ಲಿಷಿನಲ್ಲಿರುವ ಡ್ರೋನ್ ಎಂಬ ಹೆಸರು ಈ ಯಂತ್ರಗಳಿಗೆ ಬರಲು ಇದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

1982ರಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಇಸ್ರೇಲ್ ಚಾಲಕರಹಿತ ವಿಮಾನಗಳನ್ನು ಮುಂದೆ ಕಳುಹಿಸಿ, ಸಿರಿಯಾದ ಕ್ಷಿಪಣಿ ಘಟಕಗಳು ತಮ್ಮ ರಾಡಾರ್‌ಗಳನ್ನು ಚಾಲನೆ ಮಾಡುವಂತೆ ಪ್ರಚೋದಿಸಿ, ಆ ಮೂಲಕ ಅವುಗಳ ನೆಲೆಗಳನ್ನು ಪತ್ತೆ ಹಚ್ಚಿ ನಾಶಪಡಿಸಿತು. ಅಮೆರಿಕದ ಪ್ರಿಡೇಟರ್ ವಿಮಾನವು 1995ರಲ್ಲಿ ಬಾಲ್ಕನ್ ಪ್ರದೇಶದಲ್ಲಿ ಕೇವಲ ವೀಕ್ಷಣೆಗಾಗಿ ಬಳಕೆಯಾಯಿತು. 2001ರ ಅಕ್ಟೋಬರ್‌ನಲ್ಲಿ ಅದೇ ವಿಮಾನ ಕ್ಷಿಪಣಿ ಹೊತ್ತು ಅಫ್ಘಾನಿಸ್ತಾನದ ಮೇಲೆ ಹಾರಿತು. ಅಲ್ಲಿಂದ ಮುಂದಿನ ಸುಮಾರು ಇಪ್ಪತ್ತು ವರ್ಷಗಳ ಕಾಲ ಸಶಸ್ತ್ರ ಡ್ರೋನ್ ಎಂದರೆ ಶ್ರೀಮಂತ ರಾಷ್ಟ್ರಗಳ ಆಯುಧ ಎಂಬ ಭಾವನೆಯೇ ಇತ್ತು. ಪ್ರಿಡೇಟರ್ ಮತ್ತು ಅದರ ನಂತರದ ರೀಪರ್ ಮಾದರಿಗಳಿಗೆ ಓಡುದಾರಿ, ಉಪಗ್ರಹ ಸಂಪರ್ಕ, ತರಬೇತಾದ ದೊಡ್ಡ ತಂಡ ಎಲ್ಲವೂ ಬೇಕು. ಹಾರಿಸುವ ಅಧಿಕಾರಿ ನೆವಾಡಾದಲ್ಲಿ ಕುಳಿತಿರುತ್ತಾನೆ, ವಿಮಾನ ಕಾಬೂಲಿನ ಮೇಲಿರುತ್ತದೆ.

ಈ ಭಾವನೆ ಅಲುಗಿದ್ದು 2020ರಲ್ಲಿ. ಆ ವರ್ಷದ ಸೆಪ್ಟೆಂಬರ್ 27ರಂದು ಆರಂಭವಾಗಿ 44 ದಿನ ನಡೆದ ನಾಗೋರ್ನೊ-ಕರಾಬಾಕ್ ಯುದ್ಧದಲ್ಲಿ ಅಜರ್‌ಬೈಜಾನ್, ಟರ್ಕಿಯ ಬೈರಕ್ತಾರ್ ಡ್ರೋನ್‌ಗಳನ್ನೂ ಇಸ್ರೇಲಿನ ಹಾರೋಪ್ ಎಂಬ ಆತ್ಮಾಹುತಿ ಡ್ರೋನ್‌ಗಳನ್ನೂ ಬಳಸಿ ಅರ್ಮೇನಿಯಾದ ಟ್ಯಾಂಕುಗಳನ್ನು ಮತ್ತು ಫಿರಂಗಿಗಳನ್ನು ನಾಶಪಡಿಸಿತು. ಸೋವಿಯತ್ ಕಾಲದ ಹಳೆಯ ಎರಡು ರೆಕ್ಕೆಯ ಅಂತೊನೊವ್ ವಿಮಾನಗಳನ್ನು ಚಾಲಕರಿಲ್ಲದೆ ಹಾರಿಸಿ, ಎದುರಾಳಿಯ ಕ್ಷಿಪಣಿ ಘಟಕಗಳು ಗುಂಡು ಹಾರಿಸಿ ತಮ್ಮ ಇರುವಿಕೆಯನ್ನು ತೋರಿಸಿಕೊಳ್ಳುವಂತೆ ಮಾಡಿದ್ದೂ ಇದೇ ಯುದ್ಧದಲ್ಲಿ. ಗುಜರಿ ಸೇರಬೇಕಾಗಿದ್ದ ವಿಮಾನಕ್ಕೆ ಇದಕ್ಕಿಂತ ಉತ್ತಮ ವಿನಿಯೋಗ ಸಿಗಲಾರದು.

ವೆಚ್ಚದ ಲೆಕ್ಕ ಮತ್ತು ಯುದ್ಧದ ಲೆಕ್ಕ

ಡ್ರೋನ್ ತಂದಿರುವ ಬದಲಾವಣೆಯನ್ನು ವೇಗ, ಎತ್ತರ ಅಥವಾ ಸ್ಫೋಟಕದ ತೂಕದಲ್ಲಿ ಅಳೆಯಲು ಹೊರಟರೆ ವಿಷಯ ಸ್ಪಷ್ಟವಾಗುವುದಿಲ್ಲ. ಈ ಮೂರರಲ್ಲಿಯೂ ಹಳೆಯ ಯುದ್ಧವಿಮಾನವೇ ಮುಂದಿದೆ. ಬದಲಾವಣೆ ಆಗಿರುವುದು ವೆಚ್ಚದಲ್ಲಿ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಯುದ್ಧವಿಮಾನವು ಸ್ಥಿರಾಸ್ತಿ. ಅದನ್ನು ಆಸ್ತಿ ವಹಿಯಲ್ಲಿ ದಾಖಲಿಸಿ, ಮೂವತ್ತು ನಲವತ್ತು ವರ್ಷ ಸವಕಳಿ ಲೆಕ್ಕ ಹಾಕಿ, ಒಂದನ್ನು ಕಳೆದುಕೊಂಡರೂ ವಿಚಾರಣೆ ನಡೆಸಬೇಕಾಗುತ್ತದೆ. ಸಣ್ಣ ಡ್ರೋನ್ ಹಾಗಲ್ಲ. ಅದು ಕಾಗದ, ಶಾಯಿಗಳಂತೆ ದಾಸ್ತಾನು ವಹಿಯಲ್ಲಿ ಬರುವ ಬಳಕೆ ಸಾಮಗ್ರಿ. ಬಂದಷ್ಟೂ ಖರ್ಚು ಹಾಕುವುದೇ ಅದರ ಉದ್ದೇಶ.

2022ರ ಫೆಬ್ರವರಿ 24ರಂದು ರಷ್ಯಾವು ಉಕ್ರೇನಿನ ಮೇಲೆ ನಡೆಸಿದ ಪೂರ್ಣಪ್ರಮಾಣದ ಆಕ್ರಮಣದ ನಂತರ ಈ ವ್ಯತ್ಯಾಸವು ಎಲ್ಲರ ಅರಿವಿಗೆ ಬಂದಿತು. ಹಾರಿಸುವವನು ಕಣ್ಣಿಗೆ ಕನ್ನಡಕದಂತಹ ಪರದೆ ಧರಿಸಿ, ಡ್ರೋನಿನ ಮೂತಿಯಲ್ಲಿರುವ ಕ್ಯಾಮೆರಾ ನೋಡಿದ್ದನ್ನೇ ತಾನೂ ನೋಡುತ್ತಾ ನಡೆಸುವ ಎಫ್‌ಪಿವಿ ಡ್ರೋನ್‌ಗಳು ಮೂಲತಃ ಪಂದ್ಯದ ಆಟಿಕೆಗಳು. ಸರಳ ಮಾದರಿಯೊಂದರ ವೆಚ್ಚ ಸುಮಾರು 500 ಡಾಲರ್, ಅಂದರೆ ನಮ್ಮ ಹಣದಲ್ಲಿ ನಲವತ್ತು ಸಾವಿರ ರೂಪಾಯಿಗಳ ಆಸುಪಾಸು. ಇಂತಹ ಒಂದು ಅಥವಾ ಕೆಲವು ಡ್ರೋನ್‌ಗಳು ಹಲವು ಕೋಟಿ ರೂಪಾಯಿ ಬೆಲೆಯ ಟ್ಯಾಂಕನ್ನು ನಿಷ್ಕ್ರಿಯಗೊಳಿಸಬಲ್ಲವು. 2024ರ ಒಂದೇ ವರ್ಷದಲ್ಲಿ ಉಕ್ರೇನ್ ಹತ್ತು ಲಕ್ಷಕ್ಕೂ ಹೆಚ್ಚು ಡ್ರೋನ್‌ಗಳನ್ನು ತಯಾರಿಸಿತು. ಅದೇ ವರ್ಷ ಭೂ, ವಾಯು, ನೌಕಾ ಪಡೆಗಳಂತೆ ಮಾನವರಹಿತ ವ್ಯವಸ್ಥೆಗಳಿಗಾಗಿಯೇ ಪ್ರತ್ಯೇಕ ಪಡೆಯನ್ನೂ ಸ್ಥಾಪಿಸಿತು.

ರಷ್ಯಾದ ಕಡೆಯಿಂದ 2022ರ ಶರತ್ಕಾಲದಿಂದ ಇರಾನ್ ಮೂಲದ ಶಾಹಿದ್-136 ಮಾದರಿಯ ಡ್ರೋನ್‌ಗಳು ಉಕ್ರೇನಿನ ನಗರಗಳ ಮೇಲೆ, ವಿದ್ಯುತ್ ಕೇಂದ್ರಗಳ ಮೇಲೆ ಎರಗತೊಡಗಿದವು. ಮೊಪೆಡ್ಡಿನಂತೆ ಸದ್ದು ಮಾಡುತ್ತಾ ನಿಧಾನವಾಗಿ ಹಾರುವ ಈ ಯಂತ್ರದ ವೆಚ್ಚವನ್ನು ತಜ್ಞರು ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ಡಾಲರ್ ಎಂದು ಅಂದಾಜಿಸುತ್ತಾರೆ. ಇದನ್ನು ಹೊಡೆದುರುಳಿಸಲು ಪೇಟ್ರಿಯಾಟ್ ವ್ಯವಸ್ಥೆಯ ಆಧುನಿಕ ಪ್ರತಿಬಂಧಕ ಕ್ಷಿಪಣಿಯನ್ನು ಬಳಸಿದರೆ ಒಂದಕ್ಕೇ ಸುಮಾರು 40 ಲಕ್ಷ ಡಾಲರ್ ತಗಲುತ್ತದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಮಾತಿಗೆ ಇದಕ್ಕಿಂತ ತಕ್ಕ ಉದಾಹರಣೆ ಬೇರೆ ದೊರೆಯುವುದು ಕಷ್ಟ. ಹೊಡೆಯದೆ ಬಿಟ್ಟರೆ ಆಸ್ಪತ್ರೆಯೋ ವಸತಿಕಟ್ಟಡವೋ ಉರಿಯುತ್ತದೆ. ಹೊಡೆದರೆ ಬೊಕ್ಕಸ ಬರಿದಾಗುತ್ತದೆ. ದಾಳಿ ಮಾಡುವವನಿಗೆ ಎರಡೂ ಲಾಭವೇ.

ಇದು ಒಂದು ಯುದ್ಧಕ್ಕೆ ಸೀಮಿತವಾದ ಸಂಗತಿಯಲ್ಲ. 2019ರ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯಾದ ಅಬ್‌ಖೈಕ್ ಮತ್ತು ಖುರೈಸ್ ತೈಲ ಘಟಕಗಳ ಮೇಲೆ ಡ್ರೋನ್ ಮತ್ತು ಕ್ಷಿಪಣಿಗಳಿಂದ ನಡೆದ ದಾಳಿಯು ಆ ದೇಶದ ಸುಮಾರು ಅರ್ಧದಷ್ಟು ತೈಲ ಉತ್ಪಾದನೆಯನ್ನು ಕೆಲಕಾಲ ನಿಲ್ಲಿಸಿತು. 2024ರ ಏಪ್ರಿಲ್ 13ರ ರಾತ್ರಿ ಇರಾನ್ ಇಸ್ರೇಲಿನತ್ತ ಹಾರಿಸಿದ ಮುನ್ನೂರಕ್ಕೂ ಹೆಚ್ಚು ಆಯುಧಗಳಲ್ಲಿ ಸುಮಾರು 170 ಡ್ರೋನ್‌ಗಳಾಗಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಸುಮಾರು ಇಪ್ಪತ್ತು ರಷ್ಯನ್ ಡ್ರೋನ್‌ಗಳು ಪೋಲೆಂಡಿನ ಆಕಾಶವನ್ನು ಪ್ರವೇಶಿಸಿದಾಗ ಅವುಗಳಲ್ಲಿ ಕೆಲವನ್ನು ಉರುಳಿಸಲು ನ್ಯಾಟೋ ಒಕ್ಕೂಟವು ಎಫ್-35ರಂತಹ ಅತ್ಯಾಧುನಿಕ ವಿಮಾನಗಳನ್ನು ಹಾರಿಸಬೇಕಾಯಿತು.

2025ರ ಜೂನ್ 1ರಂದು ಉಕ್ರೇನ್ ನಡೆಸಿದ ಜೇಡರಬಲೆ ಎಂಬ ಹೆಸರಿನ ಕಾರ್ಯಾಚರಣೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸರಕು ಸಾಗಣೆ ಟ್ರಕ್ಕುಗಳಲ್ಲಿ ಅಡಗಿಸಿಟ್ಟಿದ್ದ 117 ಸಣ್ಣ ಡ್ರೋನ್‌ಗಳು, ರಷ್ಯಾದ ಒಳನಾಡಿನಲ್ಲಿ, ಗಡಿಯಿಂದ ಸಾವಿರಾರು ಕಿಲೋಮೀಟರ್ ದೂರದ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ನೆಲೆಯ ಬೇಲಿಯ ಹೊರಗೆ ನಿಂತ ಮಾಮೂಲಿ ಟ್ರಕ್ಕಿನಿಂದ ಅಪಾಯ ಬರಬಹುದೆಂದು ಯಾವ ರಾಡಾರ್ ತಾನೇ ಎಚ್ಚರಿಸೀತು? ಗಡಿಯಿಂದ ದೂರವಿರುವುದೇ ರಕ್ಷಣೆ ಎಂಬ ಹಳೆಯ ನಂಬಿಕೆಗೆ ಅಂದು ಪೆಟ್ಟು ಬಿದ್ದಿತು. ಸುಡಾನಿನಲ್ಲಿ ಇದು ಜನಸಾಮಾನ್ಯರ ಅನುಭವಕ್ಕೂ ಬಂದಿದೆ. ಅಂತರ್ಯುದ್ಧದಿಂದ ತಪ್ಪಿಸಿಕೊಂಡ ಲಕ್ಷಾಂತರ ಜನ ಆಶ್ರಯ ಪಡೆದಿದ್ದ, ಪರಿಹಾರ ಸಂಸ್ಥೆಗಳು ಕಚೇರಿ ತೆರೆದಿದ್ದ ಪೋರ್ಟ್ ಸುಡಾನ್ ನಗರದ ಮೇಲೆ 2025ರ ಮೇ ತಿಂಗಳಿನಲ್ಲಿ ದಿನಗಟ್ಟಲೆ ಡ್ರೋನ್ ದಾಳಿ ನಡೆಯಿತು.

ಅಗ್ಗವಾಗಿರುವುದರ ಪರಿಣಾಮವು ಕೇವಲ ಲೆಕ್ಕಪತ್ರದ್ದಲ್ಲ. ಯುದ್ಧವು ದುಬಾರಿಯಾಗಿದ್ದುದೇ ಅದಕ್ಕಿದ್ದ ಒಂದು ತಡೆಯಾಗಿತ್ತು. ಚಾಲಕನ ಜೀವ, ವಿಮಾನದ ಬೆಲೆ, ಸೆರೆಸಿಕ್ಕರೆ ಆಗುವ ಮುಖಭಂಗ ಇವೆಲ್ಲವನ್ನೂ ತೂಗಿ ನೋಡಿ ಆಳುವವರು ಹೆಜ್ಜೆ ಇಡಬೇಕಾಗಿತ್ತು. ಡ್ರೋನ್ ಕಳುಹಿಸುವಾಗ ತೂಗಬೇಕಾದ ಭಾರ ಕಡಿಮೆ. ಆದ್ದರಿಂದ ಕಳುಹಿಸುವ ನಿರ್ಧಾರವೂ ಸುಲಭ.

ಬಲೆ ಹೊದ್ದ ರಸ್ತೆಗಳು

ಎತ್ತರದಿಂದ ಗಂಟೆಗಟ್ಟಲೆ ನೋಡಿ, ಖಚಿತಪಡಿಸಿಕೊಂಡು ಹೊಡೆಯುವುದರಿಂದ ಡ್ರೋನ್ ಹೆಚ್ಚು ಮಾನವೀಯ ಆಯುಧವೆಂಬ ವಾದವೊಂದಿದೆ. ವಾದದಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ನೋಡುವುದು ಬೇರೆ, ನೋಡಿದ್ದನ್ನು ಸರಿಯಾಗಿ ಅರ್ಥೈಸುವುದು ಬೇರೆ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಬಿಳಿ ಕಾರೊಂದನ್ನು ಬಹಳ ಹೊತ್ತು ಹಿಂಬಾಲಿಸಿ ಕ್ಷಿಪಣಿ ಹಾರಿಸಿತು. ಸತ್ತವರು ಹತ್ತು ಮಂದಿ ನಾಗರಿಕರು, ಅವರಲ್ಲಿ ಏಳು ಮಂದಿ ಮಕ್ಕಳು. ಕಾರು ಪರಿಹಾರ ಸಂಸ್ಥೆಯೊಂದರ ನೌಕರನದಾಗಿತ್ತು. ಮೂರು ವಾರಗಳೊಳಗೆ ಅಮೆರಿಕದ ಸೇನೆಯೇ ಇದು ತಪ್ಪು ಎಂದು ಒಪ್ಪಿಕೊಂಡಿತು.

ಅಗ್ಗದ ಡ್ರೋನ್‌ಗಳ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕಠಿಣವಾಗಿದೆ. ಉಕ್ರೇನಿನಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮೇಲ್ವಿಚಾರಣಾ ನಿಯೋಗದ ಪ್ರಕಾರ 2025ರ ಜನವರಿ ತಿಂಗಳಿನಲ್ಲಿ ಅಲ್ಲಿನ ನಾಗರಿಕರ ಸಾವುನೋವಿಗೆ ಬೇರೆ ಯಾವುದೇ ಆಯುಧಕ್ಕಿಂತ ಅಲ್ಪದೂರದ ಡ್ರೋನ್‌ಗಳೇ ಹೆಚ್ಚು ಕಾರಣವಾಗಿದ್ದವು. ದ್ನೀಪ್ರೋ ನದಿಯ ದಡದ ಖೆರ್ಸೋನ್ ನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದವರು, ಸೈಕಲ್ ಸವಾರರು, ಆಂಬುಲೆನ್ಸ್‌ಗಳು ದಾಳಿಗೊಳಗಾದವು. ನದಿಯಾಚೆಯಿಂದ ಹಾರಿಸುತ್ತಿದ್ದವರ ಪರದೆಯಲ್ಲಿ ಈ ಜನರು ಸ್ಪಷ್ಟವಾಗಿ ಕಾಣುತ್ತಿದ್ದರು ಎಂಬುದೇ ಇಲ್ಲಿನ ಗಂಭೀರ ಅಂಶ. ವಿಶ್ವಸಂಸ್ಥೆಯ ಸ್ವತಂತ್ರ ತನಿಖಾ ಆಯೋಗವು 2025ರ ಮೇ ತಿಂಗಳಿನಲ್ಲಿ ಈ ದಾಳಿಗಳನ್ನು ಮಾನವತೆಯ ವಿರುದ್ಧದ ಅಪರಾಧವೆಂದು ತೀರ್ಮಾನಿಸಿತು. ಖೆರ್ಸೋನ್ ಪ್ರದೇಶದ ರಸ್ತೆಗಳಿಗೆ ಈಗ ಕಂಬ ನೆಟ್ಟು ಮೀನಿನ ಬಲೆಗಳನ್ನು ಹೊದಿಸಲಾಗಿದೆ. ಎರಗುವ ಡ್ರೋನಿನ ರೆಕ್ಕೆಗಳು ಬಲೆಯಲ್ಲಿ ಸಿಕ್ಕಿಕೊಳ್ಳಲಿ ಎಂಬುದು ಉದ್ದೇಶ. ಫ್ರಾನ್ಸಿನ ಬ್ರಿಟನಿ ಕರಾವಳಿಯ ಮೀನುಗಾರರು ತಮ್ಮ ಹಳೆಯ ಬಲೆಗಳನ್ನು ಇದಕ್ಕಾಗಿ ಕಳುಹಿಸಿಕೊಟ್ಟಿದ್ದಾರೆ.

ಕಾನೂನಿನ ಸ್ಥಿತಿ ಹೀಗಿದೆ. ಡ್ರೋನ್ ಎಂಬ ಆಯುಧವನ್ನು ನಿಷೇಧಿಸುವ ಯಾವುದೇ ಅಂತರರಾಷ್ಟ್ರೀಯ ಒಪ್ಪಂದ ಇಲ್ಲ. ಆದರೆ 1949ರ ಜಿನೀವಾ ಒಪ್ಪಂದಗಳಿಂದ ಬೆಳೆದುಬಂದಿರುವ ಯುದ್ಧ ನಿಯಮಗಳು ಎಲ್ಲ ಆಯುಧಗಳಂತೆ ಇದಕ್ಕೂ ಅನ್ವಯಿಸುತ್ತವೆ: ಸೈನಿಕ ಮತ್ತು ನಾಗರಿಕರ ನಡುವೆ ಭೇದ ಮಾಡಬೇಕು, ಪಡೆಯುವ ಸೈನಿಕ ಲಾಭಕ್ಕೆ ಹೋಲಿಸಿದರೆ ವಿಪರೀತವಾದ ನಾಗರಿಕ ಹಾನಿ ಆಗಬಾರದು, ಮುಂಜಾಗ್ರತೆ ವಹಿಸಬೇಕು. ತೊಡಕು ಬಂದಿರುವುದು ಮನುಷ್ಯನ ಆಜ್ಞೆಯಿಲ್ಲದೆ ತಾನೇ ಗುರಿಯನ್ನು ಆಯ್ದು ಕೊಲ್ಲಬಲ್ಲ ಯಂತ್ರಗಳ ವಿಷಯದಲ್ಲಿ. ತಪ್ಪಾದಾಗ ಹೊಣೆ ಯಾರದು, ಆಜ್ಞೆ ನೀಡಿದ ಅಧಿಕಾರಿಯದೋ ತಂತ್ರಾಂಶ ಬರೆದವನದೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಇಂತಹ ಆಯುಧಗಳ ಮೇಲೆ ಕಟ್ಟುನಿಟ್ಟಾದ ಒಪ್ಪಂದವೊಂದನ್ನು 2026ರೊಳಗೆ ಮಾಡಿಕೊಳ್ಳುವಂತೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಅವರು 2023ರಲ್ಲಿ ಕರೆ ನೀಡಿದ್ದರು. 2024ರ ಡಿಸೆಂಬರ್‌ನಲ್ಲಿ ಈ ಬಗೆಗಿನ ನಿರ್ಣಯಕ್ಕೆ ಮಹಾಸಭೆಯಲ್ಲಿ 166 ರಾಷ್ಟ್ರಗಳು ಬೆಂಬಲ ನೀಡಿದವು.

ನಮ್ಮ ದೇಶದ ಅನುಭವ

2021ರ ಜೂನ್ 27ರ ನಸುಕಿನಲ್ಲಿ ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಎರಡು ಸ್ಫೋಟಕಗಳನ್ನು ಬೀಳಿಸಲಾಯಿತು. ಕಟ್ಟಡವೊಂದರ ಛಾವಣಿಗೆ ಹಾನಿಯಾಗಿ ಇಬ್ಬರು ಸಿಬ್ಬಂದಿಗೆ ಸಣ್ಣ ಗಾಯಗಳಾದವು. ಹಾನಿ ಅಲ್ಪವಾದರೂ ದೇಶದ ಸೈನಿಕ ನೆಲೆಯ ಮೇಲೆ ನಡೆದ ಮೊದಲ ಡ್ರೋನ್ ದಾಳಿ ಇದಾಗಿತ್ತು. ಪಂಜಾಬಿನ ಗಡಿಯಲ್ಲಿ ಮಾದಕ ವಸ್ತು ಮತ್ತು ಪಿಸ್ತೂಲುಗಳನ್ನು ಡ್ರೋನ್ ಮೂಲಕ ಬೀಳಿಸುವುದು ಅದಾಗಲೇ ನಡೆಯುತ್ತಿತ್ತು. 2024ರಲ್ಲಿ ಗಡಿ ಭದ್ರತಾ ಪಡೆಯು ಅಲ್ಲಿ ಇನ್ನೂರಕ್ಕೂ ಹೆಚ್ಚು ಡ್ರೋನ್‌ಗಳನ್ನು ವಶಪಡಿಸಿಕೊಂಡಿತು.

ಪಹಲ್ಗಾಮ್ ಹತ್ಯಾಕಾಂಡದ ನಂತರ 2025ರ ಮೇ 7ರಂದು ಆರಂಭವಾದ ಆಪರೇಷನ್ ಸಿಂಧೂರ ಕಾರ್ಯಾಚರಣೆಯ ಸಂದರ್ಭದಲ್ಲಿ, ಮೇ 8 ಮತ್ತು 9ರ ನಡುವಿನ ರಾತ್ರಿ ಪಾಕಿಸ್ತಾನವು ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಸ್ಥಳಗಳಲ್ಲಿ ಸುಮಾರು 300ರಿಂದ 400 ಡ್ರೋನ್‌ಗಳನ್ನು ಕಳುಹಿಸಿತೆಂದು ಸರ್ಕಾರವು ಅಧಿಕೃತವಾಗಿ ತಿಳಿಸಿತು. ಬಹುಪಾಲು ಡ್ರೋನ್‌ಗಳನ್ನು ತಡೆಯಲಾಯಿತು. ಈ ಕಾರ್ಯದಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಆಕಾಶ್‌ತೀರ್ ನಿಯಂತ್ರಣ ವ್ಯವಸ್ಥೆಯು ಬೇರೆ ಬೇರೆ ರಾಡಾರ್‌ಗಳು ಕಂಡದ್ದನ್ನು ಒಂದೇ ಚಿತ್ರವಾಗಿ ಜೋಡಿಸಿ ಕೊಟ್ಟಿತು. ಎಲ್-70, ಜೂ-23 ಮೊದಲಾದ ಹಳೆಯ ವಿಮಾನನಿರೋಧಕ ತೋಪುಗಳು ಸಹ ಚೆನ್ನಾಗಿ ಉಪಯೋಗಕ್ಕೆ ಬಂದವು ಎಂಬುದು ಮೇಲೆ ವಿವರಿಸಿದ ವೆಚ್ಚದ ಲೆಕ್ಕಕ್ಕೆ ಹೊಂದುವ ಸಂಗತಿ. ಅಗ್ಗದ ಡ್ರೋನಿಗೆ ಅಗ್ಗದ ಗುಂಡೇ ಸರಿಯಾದ ಉತ್ತರ. ಹಳೆಯದೆಂದು ವಿಲೇವಾರಿಗೆ ಹಾಕಿದ್ದರೆ ತೊಂದರೆಯಾಗುತ್ತಿತ್ತು.

ಎಲ್ಲವನ್ನೂ ತಡೆಯಲಾಗಲಿಲ್ಲ. ಪಂಜಾಬಿನ ಫಿರೋಜ್‌ಪುರ ಜಿಲ್ಲೆಯ ಗ್ರಾಮವೊಂದರಲ್ಲಿ ಡ್ರೋನ್ ಬಿದ್ದು ಒಂದೇ ಕುಟುಂಬದ ಮೂವರು ಸುಟ್ಟ ಗಾಯಗಳಿಗೆ ಒಳಗಾದರು. ಅವರಲ್ಲಿ ಒಬ್ಬ ಮಹಿಳೆ ಕೆಲವು ದಿನಗಳ ನಂತರ ಮೃತಪಟ್ಟರು.

ಡ್ರೋನ್ ತಡೆಗೆ ರೇಡಿಯೋ ಸಂಪರ್ಕ ಕಡಿದುಹಾಕುವುದು, ಬಲೆ ಬೀಸುವುದು, ಮತ್ತೊಂದು ಡ್ರೋನಿನಿಂದ ಹೊಡೆಯುವುದು ಮುಂತಾದ ವಿಧಾನಗಳಿವೆ. ರೇಡಿಯೋ ಕಡಿಯುವ ವಿಧಾನಕ್ಕೆ ಪ್ರತಿಯಾಗಿ ಉಕ್ರೇನ್ ಯುದ್ಧದಲ್ಲಿ ಕೂದಲೆಳೆಯಂತಹ ಗಾಜಿನ ತಂತಿಯನ್ನು ಹಿಂದೆ ಬಿಚ್ಚುತ್ತಾ ಹೋಗುವ ಡ್ರೋನ್‌ಗಳು ಬಂದಿವೆ. ರೇಡಿಯೋ ಇಲ್ಲದಿರುವಾಗ ಕಡಿಯುವುದಾದರೂ ಏನನ್ನು? ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು 2025ರ ಏಪ್ರಿಲ್‌ನಲ್ಲಿ ಕರ್ನೂಲು ಬಳಿ ಲೇಸರ್ ಕಿರಣದಿಂದ ಡ್ರೋನ್ ಉರುಳಿಸುವ ಪ್ರಾತ್ಯಕ್ಷಿಕೆ ನಡೆಸಿದೆ. ಅದರಲ್ಲಿ ಒಂದು ಹೊಡೆತಕ್ಕೆ ತಗಲುವುದು ವಿದ್ಯುತ್ತಿನ ಖರ್ಚು ಮಾತ್ರ.

ಕರ್ನಾಟಕಕ್ಕೂ ಈ ತಂತ್ರಜ್ಞಾನಕ್ಕೂ ಹಳೆಯ ನಂಟಿದೆ. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಗುರಿ ಅಭ್ಯಾಸಕ್ಕಾಗಿ ಲಕ್ಷ್ಯ, ವೀಕ್ಷಣೆಗಾಗಿ ನಿಶಾಂತ್ ಹಾಗೂ ರುಸ್ತುಂ ವಿಮಾನಗಳನ್ನು ಅಭಿವೃದ್ಧಿಪಡಿಸಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸಮೀಪ 2017ರಲ್ಲಿ ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯದಲ್ಲಿ 2022ರ ಜುಲೈ 1ರಂದು ಬಾಲವಿಲ್ಲದ, ರೆಕ್ಕೆಯೇ ದೇಹವಾಗಿರುವ ಸ್ವದೇಶಿ ವಿಮಾನವೊಂದು ಚಾಲಕನಿಲ್ಲದೆ ಮೇಲೇರಿ, ತಾನಾಗಿಯೇ ಇಳಿಯಿತು. ಈ ಭಾಗದ ಭೂಮಿಯು ಅಮೃತಮಹಲ್ ಕಾವಲಿಗೆ ಸೇರಿದ್ದು, ಸುತ್ತಲಿನ ಗ್ರಾಮಗಳ ದನ ಕುರಿಗಳಿಗೆ ಹುಲ್ಲುಗಾವಲಾಗಿತ್ತು ಎಂಬುದನ್ನೂ, ಭೂಮಿ ಹಂಚಿಕೆಯ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಕರಣ ನಡೆದಿತ್ತು ಎಂಬುದನ್ನೂ ಇಲ್ಲಿ ದಾಖಲಿಸುವುದು ಉಚಿತ.

ಶಾಂತಿಪಾಲನೆಯಲ್ಲಿ ಡ್ರೋನ್

ಯುದ್ಧ ನಿಲ್ಲಿಸುವ ಕೆಲಸಕ್ಕೂ ಡ್ರೋನ್‌ಗಳನ್ನು ಬಳಸಲಾಗಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. 2013ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯು ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಗೋಮಾ ನಗರದಿಂದ ಸ್ವಂತ ನಿಯೋಗದ ನಿರಾಯುಧ ಡ್ರೋನ್‌ಗಳನ್ನು ಹಾರಿಸಿತು. ಭಾರತೀಯ ಸೈನಿಕರೂ ಬಹುಕಾಲ ಸೇವೆ ಸಲ್ಲಿಸಿರುವ ಈ ಪ್ರದೇಶದಲ್ಲಿ ದಟ್ಟ ಕಾಡು, ಹಾಳು ರಸ್ತೆಗಳ ಕಾರಣ ಸಶಸ್ತ್ರ ಗುಂಪುಗಳ ಚಲನವಲನ ತಿಳಿಯುವುದೇ ಕಷ್ಟವಾಗಿತ್ತು. 2014ರ ಮೇ ತಿಂಗಳಿನಲ್ಲಿ ಇಂತಹ ಒಂದು ಡ್ರೋನ್ ಕಿವು ಸರೋವರದಲ್ಲಿ ದೋಣಿ ಮುಳುಗುತ್ತಿರುವುದನ್ನು ಕಂಡು ತಿಳಿಸಿದ್ದರಿಂದ ಶಾಂತಿಪಾಲಕರು ಹೋಗಿ ಹಲವರನ್ನು ಬದುಕಿಸಿದರು.

ಪೂರ್ವ ಉಕ್ರೇನಿನಲ್ಲಿ ಕದನವಿರಾಮದ ಮೇಲ್ವಿಚಾರಣೆಗಾಗಿ ಯೂರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯು 2014ರಿಂದ ಡ್ರೋನ್‌ಗಳನ್ನು ಬಳಸಿತು. ವೀಕ್ಷಕರಿಗೆ ಪ್ರವೇಶ ನಿರಾಕರಿಸಿದ ಕಡೆಗಳಲ್ಲಿ ಡ್ರೋನ್ ನೋಡಿಬರುತ್ತಿತ್ತು. 2018ರ ಆಗಸ್ಟ್‌ನಲ್ಲಿ ತನಿಖಾ ಠಾಣೆಯಿಲ್ಲದ ಮಣ್ಣಿನ ರಸ್ತೆಯೊಂದರಲ್ಲಿ ರಾತ್ರಿಯ ವೇಳೆ ಟ್ರಕ್ಕುಗಳು ರಷ್ಯಾದ ಗಡಿ ದಾಟುತ್ತಿರುವುದನ್ನು ಅದು ಕಂಡು ವರದಿ ಮಾಡಿತು. ಈ ಡ್ರೋನ್‌ಗಳ ಸಂಪರ್ಕ ಕಡಿಯಲಾಯಿತು, ಗುಂಡು ಹಾರಿಸಲಾಯಿತು, ಕೆಲವು ಕಣ್ಮರೆಯಾದವು. ವರದಿಗಳು ದಿನವೂ ಪ್ರಕಟವಾದವು. ಯುದ್ಧ ಮಾತ್ರ ನಿಲ್ಲಲಿಲ್ಲ. 2022ರಲ್ಲಿ ನಿಯೋಗವನ್ನೇ ಮುಚ್ಚಬೇಕಾಯಿತು. ಸಾಕ್ಷ್ಯ ಒದಗಿಸುವುದು ಡ್ರೋನಿನ ಕೆಲಸ, ಸಾಕ್ಷ್ಯದ ಮೇಲೆ ಕ್ರಮ ಜರುಗಿಸುವುದು ಬೇರೆಯವರ ಕೆಲಸ.

ನಾಗರಿಕ ಬಳಕೆ

ಗ್ರಾಮಗಳಲ್ಲಿ ಶಾಂತಿಭಂಗಕ್ಕೆ ಮೂಲ ಬಹುತೇಕ ಗೋಡೆ, ಹಿತ್ತಲು, ಓಣಿಗಳ ಗಡಿಯೇ ಆಗಿರುತ್ತದೆ. ಗ್ರಾಮಠಾಣಾ ಪ್ರದೇಶದ ಮನೆ ನಿವೇಶನಗಳಿಗೆ ಸರಿಯಾದ ನಕಾಶೆ ಇಲ್ಲದಿದ್ದುದರಿಂದ ಇಂತಹ ವ್ಯಾಜ್ಯಗಳು ತಲೆಮಾರುಗಟ್ಟಲೆ ನಡೆಯುತ್ತಿದ್ದವು. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯಡಿ ಭಾರತೀಯ ಸರ್ವೇಕ್ಷಣಾ ಇಲಾಖೆಯು ಡ್ರೋನ್ ಮೂಲಕ ಈ ಪ್ರದೇಶಗಳ ಅಳತೆ ನಡೆಸುತ್ತಿದೆ. ಅಳತೆಗೆ ಮುನ್ನ ಪ್ರತಿ ಆಸ್ತಿಯ ಎಲ್ಲೆಯನ್ನು ಸುಣ್ಣದ ಪುಡಿಯಿಂದ ನೆಲದ ಮೇಲೆ ಗುರುತಿಸಲಾಗುತ್ತದೆ. ಆ ಬಿಳಿಯ ಗೆರೆಗಳನ್ನು ಮೇಲಿನಿಂದ ಡ್ರೋನ್ ಚಿತ್ರೀಕರಿಸುತ್ತದೆ. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 2020ರ ಅಕ್ಟೋಬರ್ 11ರಂದು ಮೊದಲ ಬಾರಿ ಆಸ್ತಿ ಕಾರ್ಡ್ ವಿತರಿಸಿದಾಗ 763 ಗ್ರಾಮಗಳ ಪೈಕಿ ನಮ್ಮ ರಾಜ್ಯದ ಎರಡು ಗ್ರಾಮಗಳಿದ್ದವು. ಸುಣ್ಣದ ಗೆರೆ ಹಾಕುವ ದಿನ ಆಸ್ತಿಯ ಮಾಲೀಕರು ತಪ್ಪದೆ ಸ್ಥಳದಲ್ಲಿ ಹಾಜರಿರುವುದು ಅವರ ಹಿತದೃಷ್ಟಿಯಿಂದ ಅಗತ್ಯ. ಗೆರೆ ತಪ್ಪಾದರೆ ಡ್ರೋನ್ ಅದನ್ನು ತಿದ್ದುವುದಿಲ್ಲ.

ವೈದ್ಯಕೀಯ ಕ್ಷೇತ್ರದಲ್ಲಿ ಆಫ್ರಿಕಾದ ರುವಾಂಡ ದೇಶವು ಮುಂದಿದೆ. ಬೆಟ್ಟಗುಡ್ಡಗಳ ಆ ನಾಡಿನಲ್ಲಿ 2016ರಿಂದ ದೂರದ ಆಸ್ಪತ್ರೆಗಳಿಗೆ ರಕ್ತವನ್ನು ಡ್ರೋನ್ ಮೂಲಕ ತಲುಪಿಸಲಾಗುತ್ತಿದೆ. ನಮ್ಮಲ್ಲಿ 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಕಣ್ಣಳತೆಯಾಚೆಗೆ ಔಷಧ ಸಾಗಿಸುವ ಪ್ರಯೋಗ ನಡೆಯಿತು. ಕೃಷಿಯಲ್ಲಿ ಗೊಬ್ಬರ, ಕೀಟನಾಶಕ ಸಿಂಪಡಣೆಗೆ ಬಳಕೆ ಹೆಚ್ಚುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ವೆಚ್ಚದ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ ನೀಡುವ ನಮೋ ಡ್ರೋನ್ ದೀದಿ ಯೋಜನೆಯನ್ನು 15,000 ಸಂಘಗಳ ಗುರಿಯೊಂದಿಗೆ 2023ರ ನವೆಂಬರ್‌ನಲ್ಲಿ ಅನುಮೋದಿಸಲಾಯಿತು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಮಳೆಯಲ್ಲಿ ಜಾರುವ ಮರ ಏರಬೇಕಾಗಿರುವುದರಿಂದ ಅಲ್ಲಿಯೂ ಪ್ರಯೋಗಗಳು ನಡೆದಿವೆ. ಹಾಸನ, ಕೊಡಗು ಭಾಗಗಳಲ್ಲಿ ಅರಣ್ಯ ಇಲಾಖೆಯು ಆನೆಗಳ ಇರುವಿಕೆ ತಿಳಿಯಲು ಶಾಖ ಗುರುತಿಸುವ ಕ್ಯಾಮೆರಾದ ಡ್ರೋನ್ ಬಳಸುತ್ತದೆ.

ಮಿತಿಗಳೂ ಇವೆ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ, ಮಣ್ಣಿನಡಿ ಹಾಗೂ ನೀರಿನಡಿ ಲೋಹವನ್ನು ಪತ್ತೆ ಮಾಡುವ ಡ್ರೋನ್ ಆಧಾರಿತ ಸಾಧನವನ್ನು ಗಂಗಾವಳಿ ನದಿಯ ಮೇಲೆ ಬಳಸಲಾಯಿತು. ಆದರೂ ನದಿಯ ಸೆಳೆತ ಇಳಿದು, ಹೂಳೆತ್ತುವ ಯಂತ್ರ ಬಂದು, ಮುಳುಗಿದ್ದ ಟ್ರಕ್ಕನ್ನು ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು.

ಶಾಂತಿಕಾಲದ ಯಂತ್ರ ಯುದ್ಧಕ್ಕೆ ಹೋಗುವುದು ಎಷ್ಟು ಸುಲಭವೆಂಬುದಕ್ಕೆ ಒಂದು ಮಾತು. ಚಿತ್ರೀಕರಣದ ಡ್ರೋನ್‌ಗಳಿಗೆ ಹೆಸರಾದ ಚೀನಾದ ಡಿಜೆಐ ಕಂಪನಿಯ ಉತ್ಪನ್ನಗಳನ್ನು ಉಕ್ರೇನ್ ಯುದ್ಧದ ಎರಡೂ ಪಕ್ಷಗಳು ಬಳಸತೊಡಗಿದಾಗ, ಕಂಪನಿಯು 2022ರ ಏಪ್ರಿಲ್‌ನಲ್ಲಿ ಎರಡೂ ದೇಶಗಳಲ್ಲಿ ವ್ಯವಹಾರ ಸ್ಥಗಿತಗೊಳಿಸಿತು. ಡ್ರೋನ್‌ಗಳು ಮಾತ್ರ ಮೂರನೆಯವರ ಮೂಲಕ ಹೋಗುತ್ತಲೇ ಇದ್ದವು. 2024ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೇಲೆ 1,500 ಡ್ರೋನ್‌ಗಳು ಬಣ್ಣದ ಚಿತ್ತಾರ ಮೂಡಿಸಿದ್ದನ್ನು ಜನ ಬೆರಗಿನಿಂದ ನೋಡಿದರು. ನೂರಾರು ಯಂತ್ರಗಳನ್ನು ಒಂದೇ ಕೇಂದ್ರದಿಂದ ಹಾರಿಸುವ ವಿದ್ಯೆ ಸೈನ್ಯಗಳಿಗೂ ಬೇಕಾಗಿರುವುದೇ ಆಗಿದೆ.

ಜಾರಿಯಲ್ಲಿರುವ ನಿಯಮಗಳು

ಜಮ್ಮು ದಾಳಿಯಾದ ಎರಡು ತಿಂಗಳಿಗೆ, 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳು, 2021 ಪ್ರಕಟವಾದವು. ದಾಳಿಯ ಹಿನ್ನೆಲೆಯಲ್ಲಿ ನಿಯಮ ಬಿಗಿಯಾಗಬಹುದೆಂದು ಹಲವರು ನಿರೀಕ್ಷಿಸಿದ್ದರು. ಆದದ್ದು ಬೇರೆ. ಹಿಂದಿನ ನಿಯಮಗಳಲ್ಲಿ 25 ಇದ್ದ ನಮೂನೆಗಳು 5ಕ್ಕೆ ಇಳಿದವು. 72 ಬಗೆಯ ಶುಲ್ಕಗಳು 4 ಆದವು. ಸದುದ್ದೇಶದಿಂದ ಹಾರಿಸುವವರು ನಮೂನೆಗಳಿಗೆ ಹೆದರಿ ನೋಂದಣಿಯಿಂದ ದೂರ ಉಳಿದರೆ ಆಕಾಶದಲ್ಲಿರುವುದು ಯಾರದೆಂದು ತಿಳಿಯುವುದೇ ಇಲ್ಲ. ನೋಂದಣಿ ಸುಲಭವಾದಷ್ಟೂ ನೋಂದಣಿಯಿಲ್ಲದ್ದನ್ನು ಗುರುತಿಸುವುದು ಸುಲಭ.

ಸದರಿ ನಿಯಮಗಳನ್ವಯ ಡ್ರೋನ್‌ಗಳನ್ನು ತೂಕದ ಆಧಾರದ ಮೇಲೆ ವಿಂಗಡಿಸಲಾಗಿದೆ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ, 25 ಕಿಲೋವರೆಗೆ ಸಣ್ಣ, 150 ಕಿಲೋವರೆಗೆ ಮಧ್ಯಮ, ಅದಕ್ಕೂ ಮೇಲ್ಪಟ್ಟವು ದೊಡ್ಡ ಡ್ರೋನ್‌ಗಳು. ಪ್ರತಿ ಡ್ರೋನಿಗೆ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯತಕ್ಕದ್ದು. ನ್ಯಾನೊ ಡ್ರೋನ್ ಹಾರಿಸಲು ಹಾಗೂ ವಾಣಿಜ್ಯೇತರ ಉದ್ದೇಶಕ್ಕೆ ಮೈಕ್ರೊ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಾಗಿಲ್ಲ. ಮದುವೆ, ಸಮಾರಂಭಗಳಲ್ಲಿ ಹಣ ಪಡೆದು ಚಿತ್ರೀಕರಿಸುವುದು ವಾಣಿಜ್ಯ ಬಳಕೆಯೇ ಆಗಿರುತ್ತದೆ ಎಂಬುದನ್ನು ಛಾಯಾಗ್ರಾಹಕರು ಗಮನಿಸಬೇಕು. ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಲ್ಲಿ ತರಬೇತಿ ಹೊಂದಿ ಪ್ರಮಾಣಪತ್ರ ಪಡೆಯಲು ವಯಸ್ಸು 18ರಿಂದ 65ರೊಳಗಿದ್ದು, ಹತ್ತನೆಯ ತರಗತಿ ಉತ್ತೀರ್ಣರಾಗಿರಬೇಕು.

ಆಕಾಶವನ್ನು ಹಸಿರು, ಹಳದಿ ಮತ್ತು ಕೆಂಪು ವಲಯಗಳಾಗಿ ನಕಾಶೆಯಲ್ಲಿ ಗುರುತಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪೂರ್ವಾನುಮತಿ ಬೇಕಿಲ್ಲ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಅವಶ್ಯಕ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಂದು ಹಲವು ವಿಮಾನ ನೆಲೆಗಳಿರುವ ಬೆಂಗಳೂರಿನಲ್ಲಿ ನಕಾಶೆ ನೋಡದೆ ಡ್ರೋನ್ ಮೇಲೆತ್ತುವುದು ಸರಿಯಲ್ಲ. ಇದಲ್ಲದೆ ವಿಶೇಷ ಸಂದರ್ಭಗಳಲ್ಲಿ ತಾತ್ಕಾಲಿಕ ನಿಷೇಧವೂ ಜಾರಿಯಾಗಬಹುದು. 2025ರ ಮೇ ತಿಂಗಳಿನಲ್ಲಿ ಗುಜರಾತ್ ಸೇರಿದಂತೆ ಹಲವೆಡೆ ಸಮಾರಂಭಗಳಲ್ಲಿಯೂ ಡ್ರೋನ್ ಹಾರಿಸದಂತೆ ಆದೇಶಿಸಲಾಗಿತ್ತು. ನಿಯಮ ಉಲ್ಲಂಘನೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ವಿದೇಶದಿಂದ ಸಿದ್ಧ ಡ್ರೋನ್ ತರಿಸುವುದನ್ನು 2022ರ ಫೆಬ್ರವರಿ 9ರಿಂದ ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳನ್ನು ಹೊರತುಪಡಿಸಿ ನಿಷೇಧಿಸಲಾಗಿದೆ. ಪ್ರವಾಸದಿಂದ ಹಿಂದಿರುಗುವವರು ಉಡುಗೊರೆಯಾಗಿ ತರುವ ಮುನ್ನ ಇದನ್ನು ಅರಿತಿರಬೇಕು.

ಸಾರ್ವಜನಿಕರ ಗಮನಕ್ಕೆ

2025ರ ಮೇ 7ರಂದು ದೇಶಾದ್ಯಂತ ನಡೆದ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಗೆ ಕರ್ನಾಟಕದಲ್ಲಿ ಬೆಂಗಳೂರು, ಕಾರವಾರ ಮತ್ತು ರಾಯಚೂರುಗಳನ್ನು ಗುರುತಿಸಲಾಗಿತ್ತು. ಅಂತಹ ಸಂದರ್ಭಗಳಲ್ಲಿ ಸೈರನ್ ಏರಿಳಿಯುತ್ತಾ ಮೊಳಗಿದರೆ ಅಪಾಯದ ಎಚ್ಚರಿಕೆ ಎಂದೂ, ಒಂದೇ ಸಮನೆ ಮೊಳಗಿದರೆ ಅಪಾಯ ನಿವಾರಣೆಯಾಗಿದೆ ಎಂದೂ ತಿಳಿಯಬೇಕು. ಎಚ್ಚರಿಕೆ ಬಂದಾಗ ಕಿಟಕಿ, ಮಹಡಿಗಳಿಂದ ದೂರ ಸರಿದು ಗಟ್ಟಿಯಾದ ಗೋಡೆಗಳ ಒಳಭಾಗದಲ್ಲಿ ಇರತಕ್ಕದ್ದು. ಡ್ರೋನ್ ನೋಡಲು ಅಥವಾ ಮೊಬೈಲಿನಲ್ಲಿ ಚಿತ್ರೀಕರಿಸಲು ಛಾವಣಿ ಏರಬಾರದು. ರಕ್ಷಣಾ ಪಡೆಗಳ ಚಲನವಲನದ ಚಿತ್ರಗಳನ್ನು ಹಂಚಿಕೊಳ್ಳಬಾರದು.

ಹೊಲ, ಗದ್ದೆ, ರಸ್ತೆಗಳಲ್ಲಿ ಅಪರಿಚಿತ ಡ್ರೋನ್ ಅಥವಾ ಅದರ ತುಂಡುಗಳು ಬಿದ್ದಿರುವುದು ಕಂಡುಬಂದಲ್ಲಿ ಮುಟ್ಟಬಾರದು, ನೀರು ಸುರಿಯಬಾರದು, ಕಲ್ಲು ಎಸೆಯಬಾರದು. ಬ್ಯಾಟರಿಯು ತಡವಾಗಿ ಹೊತ್ತಿಕೊಳ್ಳಬಹುದು. ಸ್ಫೋಟಕವಿದ್ದಲ್ಲಿ ಅಲುಗಿಸಿದರೆ ಸಿಡಿಯಬಹುದು. ಮಕ್ಕಳನ್ನು ಮತ್ತು ಜಾನುವಾರುಗಳನ್ನು ದೂರವಿರಿಸಿ, ಸ್ಥಳದ ಗುರುತನ್ನು ಹತ್ತಿರದ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ಕರೆ ಮಾಡಿ ತಿಳಿಸತಕ್ಕದ್ದು. ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳದವರು ಬಂದು ಪರಿಶೀಲಿಸುವವರೆಗೆ ಸ್ಥಳದ ಸುತ್ತ ಜನ ಸೇರದಂತೆ ಗ್ರಾಮ ಪಂಚಾಯಿತಿಯವರು ನೋಡಿಕೊಳ್ಳುವುದು.